ದೀಪದ ಜೊತೆ ತೊಳೆದ ಕೂಲರ್

ಶರಾವತಿ ಸೇತುವೆಯ ನಡುಮಧ್ಯೆ ಓಮ್ನಿ ನನ್ನ ಬೈಕನ್ನು ಒತ್ತರಿಸಿಕೊಂಡು ಬಂತು.

ಎಡಕ್ಕೆ ಕಂಬಿ. ಕಂಬಿಯ ಕೆಳಗೆ ಹೊಳೆ...

"ಕೂಲರ್ ಕೊಡು ಹೊನ್ನ. ಇಲ್ಲಾಂದ್ರೆ ಬೈಕ್ ಸಮೇತ ಹೊಳೆಗೆ ಬೀಳ್ತೆ."

ಕಿಟಕಿಯಲ್ಲಿ ಹರಿಹರನ ಮುಖ. ಅವನು ಹೊನ್ನಾವರದ ಕಂಪ್ಯೂಟರ್ ರಿಪೇರಿಯವನು. ನಾನು ಕುಮಟೆಯವನು. ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ.

ಎದುರಿನಿಂದ ಮೀನಿನ ಲಾರಿ ಹಾರ್ನ್ ಬಾರಿಸಿತು. ಓಮ್ನಿ ಹಿಂದೆ ಸರಿಯಿತು. ನಾನು ಆಕ್ಸಿಲರೇಟರ್ ತಿರುವಿದೆ!

ಇಷ್ಟೆಲ್ಲ ಕಂಪ್ಯೂಟರ್ ತಣ್ಣಗಿಡುವ ಒಂದು ಕೂಲರ್‌ಗಾಗಿಯೇ ಅನ್ನುತ್ತೀರಾ? ಅಲ್ಲ. ಮಾಲತಿಗಾಗಿ.

ಹೊನ್ನಾವರದಲ್ಲಿ ಅವಳದು ಮದುವೆ ವಿಡಿಯೋ ಸ್ಟುಡಿಯೋ. ಕೆಲಸ ಬೇಗ ಮುಗಿಯಲೆಂದು ಕಂಪ್ಯೂಟರನ್ನು ಓವರ್‌ಕ್ಲಾಕ್ ಮಾಡಿಕೊಟ್ಟವನು ನಾನೇ. ಅಂದರೆ ಪ್ರೊಸೆಸರನ್ನು ಅದರ ತಾಕತ್ತಿಗಿಂತ ಜೋರಾಗಿ ಓಡಿಸುವುದು. ಓಡಿತು. ಕಾದ ಕಾವಲಿಯೂ ಆಯಿತು. ಏಪ್ರಿಲ್ ಸೆಖೆಗೆ ಪದೇ ಪದೇ ಬಂದ್ ಬೀಳತೊಡಗಿತು. ಅಂದು ಸಂಜೆಯ ಬಾಂಬೆ ಬಸ್ಸಿಗೆ ಹೊರಡುವ ಮದುಮಗನಿಗೆ ಸಿ.ಡಿ. ಕೊಡಲೇಬೇಕಿತ್ತು. ಕಂಪ್ಯೂಟರನ್ನು ತಣ್ಣಗೆ ಮಾಡಿದವನನ್ನೇ ಸ್ಟುಡಿಯೋಗೆ ಪಾಲುದಾರನಾಗಿ ಸೇರಿಸಿಕೊಳ್ಳುತ್ತೇನೆ ಎಂದಿದ್ದಳು ಮಾಲತಿ. ನನಗೆ ಪಾಲು ಬೇಕಿರಲಿಲ್ಲ. ಅವಳು ಬೇಕಿತ್ತು.

ಅವಳು ನನ್ನನ್ನು ಕರೆಯುವುದು ಹೊನ್ನಣ್ಣ ಎಂದು.

ಅವನನ್ನು ಬರೀ ಹರಿಹರ ಎಂದು.

ಆ ಒಂದು 'ಅಣ್ಣ' ನನ್ನ ಹೊಟ್ಟೆಯಲ್ಲಿ ಹಚ್ಚಿದ ಬೆಂಕಿಗೆ ಯಾವ ಕೂಲರ್ ಇದೆ, ಹೇಳಿ?

ಅಂದು ಬೆಳಿಗ್ಗೆ ಭಟ್ಕಳದ ದುಬೈ ಸಾಮಾನಿನ ಅಂಗಡಿಯಲ್ಲಿ ಎರಡೇ ಕೂಲರ್ ಇದ್ದವು. ಒಂದು ಅಲ್ಯೂಮಿನಿಯಂ, ದೊಡ್ಡ ಫ್ಯಾನಿನದು. ಇನ್ನೊಂದು ಅಪ್ಪಟ ತಾಮ್ರ, ಇಟ್ಟಲ್ಲೇ ಕಪ್ಪಾಗಿದ್ದದ್ದು. ಅಲ್ಯೂಮಿನಿಯಂ ಸಾಕು, ಗಾಳಿ ಚೆನ್ನಾಗಿ ಆಡುತ್ತದೆ ಎಂದ ಅಂಗಡಿಯವನು. ಅಷ್ಟರಲ್ಲಿ ಹರಿಹರ ಒಳಗೆ ಬಂದ. ಅವನ ಕಣ್ಣು ತಾಮ್ರದ ಮೇಲೆ ಬಿತ್ತು.

ಸರಿ, ತಾಮ್ರ ನನ್ನ ಚೀಲಕ್ಕೆ ಬಿತ್ತು. ಅವನಿಗೆ ಉಳಿದದ್ದು ಅಲ್ಯೂಮಿನಿಯಂ!

ಸೇತುವೆ ದಾಟಿ ಮಾಲತಿಯ ಮನೆ ಸೇರಿದೆ. ಮುಂದಿನ ಕೋಣೆಯೇ ಸ್ಟುಡಿಯೋ. ಕೂಲರ್ ಬಿಚ್ಚಿ, ಫ್ಯಾನ್ ಬೇರೆ ಮಾಡಿ ಮೇಜಿನ ಮೇಲಿಟ್ಟೆ. ಹೊರಗೆ ಓಮ್ನಿ ಬ್ರೇಕ್ ಹಾಕಿತು. ನಾನೇ ಎದ್ದು ಹೋಗಿ ಹರಿಹರನ ಕಾಲರ್ ಹಿಡಿದೆ.

"ಸೇತುವೆ ಮೇಲೆ ಎಂತ ಹೇಳ್ದೆ? ಈಗ ಹೇಳು."

ಅವನು ನನ್ನ ಮಣಿಕಟ್ಟು ತಿರುಚಿದ. ಮಾಲತಿ ಬಂದು ಇಬ್ಬರನ್ನೂ ಬಿಡಿಸುವಷ್ಟರಲ್ಲಿ ಕಾಲು ಗಂಟೆ ಆಗಿತ್ತು.

"ಹೊನ್ನಣ್ಣ, ಜಗಳ ಆಮೇಲೆ ಮಾಡು. ಮೊದ್ಲು ಮಷಿನ್ ನೋಡು."

ಮತ್ತೆ ಅಣ್ಣ...

ಒಳಗೆ ಬಂದರೆ ಕೂಲರ್ ಹೊಸ ಕೊಡಪಾನದ ಹಾಗೆ ಫಳಫಳ! ನನ್ನ ಅದೃಷ್ಟವೇ ಹೊಳೆಯುತ್ತಿದೆ ಅಂದುಕೊಂಡೆ. ಶಾಖ ಸಾಗಿಸುವ ಪೇಸ್ಟ್ ಹಚ್ಚಿ, ಪ್ರೊಸೆಸರ್ ಮೇಲೆ ಕೂರಿಸಿ ಕ್ಲಿಪ್ ಒತ್ತಿದೆ. ಸರಿಯಾಗಿ ನೋಡಬೇಕಿತ್ತು. ಆದರೆ ನನ್ನ ಕಣ್ಣು ಕೂಲರ್ ಮೇಲಿರಲಿಲ್ಲ. ಮಾಲತಿಯ ಕುರ್ಚಿಯ ಬೆನ್ನಿನ ಮೇಲಿದ್ದ ಹರಿಹರನ ಕೈಮೇಲಿತ್ತು.

ಸ್ವಿಚ್ ಹಾಕಿದೆ.

ಚಟ್!

ಸುಟ್ಟ ವಾಸನೆ. ಪರದೆ ಕಪ್ಪು.

ಬಾಗಿಲಲ್ಲಿ ಮಾಲತಿಯ ತಾಯಿ ದೇವಿಯಮ್ಮ ನಿಂತಿದ್ದರು. ಕೈಯಲ್ಲಿ ಹುಣಸೆಹಣ್ಣಿನ ಉಂಡೆ.

"ಶುಕ್ರವಾರ ಅಲ್ವನಾ? ದೀಪ ತೊಳೀತಿದ್ದೆ. ನಿನ್ನ ತಾಮ್ರನೂ ಕಪ್ಪಾಗಿತ್ತು. ಹುಳಿ ಉಪ್ಪು ಹಾಕಿ ಚೆನ್ನಾಗಿ ತಿಕ್ಕಿಟ್ಟೆ."

ಮೇಲೆ ಒರೆಸಿದ್ದರು. ತಾಮ್ರದ ಪಟ್ಟಿಗಳ ಸಂದಿಯಲ್ಲಿ ಉಪ್ಪುನೀರು ಹಾಗೇ ನಿಂತಿತ್ತು. ಅದು ಇಳಿದು ಬೋರ್ಡನ್ನೇ ತಿಂದಿತ್ತು.

ವಿಡಿಯೋ ಇದ್ದ ಹಾರ್ಡ್ ಡಿಸ್ಕ್ ಉಳಿಯಿತು. ಹರಿಹರ ಓಮ್ನಿ ಹತ್ತಿ ಹೋದ. ಮನೆಯಿಂದ ತನ್ನ ಕಂಪ್ಯೂಟರ್ ತಂದ. ಡಿಸ್ಕ್ ಜೋಡಿಸಿದ. ಅಲ್ಯೂಮಿನಿಯಂ ಕೂಲರ್ ಕೂರಿಸಿದ. ನಾನು ಓಡಿಸಿದಷ್ಟೇ ಜೋರಾಗಿ ಓಡಿಸಿದ. ಒಮ್ಮೆಯೂ ನಿಲ್ಲಲಿಲ್ಲ. ಬಸ್ಸಿನ ಹೊತ್ತಿಗೆ ಸಿ.ಡಿ. ತಯಾರು.

"ಆತು, ಹರಿಹರ. ಹೊರಡು, ಬಸ್ ಸ್ಟ್ಯಾಂಡಿಗೆ ಹೋಗ್ವ."

ಮಾಲತಿ ಓಮ್ನಿಯ ಮುಂದಿನ ಸೀಟಿನಲ್ಲಿ ಕೂತಳು. ನನಗೆ ದೇವಿಯಮ್ಮ ಚಾ ಕೊಟ್ಟರು.

ಆ ತಾಮ್ರದ ಕೂಲರ್ ಈಗ ಅವರ ದೇವರ ಕೋಣೆಯಲ್ಲಿದೆ. ಪಟ್ಟಿಗಳ ಸಂದಿಗೆ ಊದಿನಕಡ್ಡಿ ಸರಿಯಾಗಿ ಕೂರುತ್ತದಂತೆ. ಶುಕ್ರವಾರ ತಪ್ಪದೆ ತೊಳೆಯುತ್ತಾರೆ.

ಮರುವರ್ಷ ಆ ಮನೆಯಲ್ಲಿ ಮದುವೆ. ಮದುಮಕ್ಕಳೇ ಸ್ಟುಡಿಯೋದವರು, ವಿಡಿಯೋ ಎಡಿಟ್ ಮಾಡುವವರು ಯಾರು? ಹೊನ್ನಣ್ಣ!

ಓವರ್‌ಕ್ಲಾಕ್ ಮಾಡಲಿಲ್ಲ. ಆ ಮದುವೆಯ ಸಿ.ಡಿ. ಎಷ್ಟು ನಿಧಾನ ಆದರೂ ನನಗೆ ಅವಸರವಿರಲಿಲ್ಲ.