ಕಾಲು ಹಾಗೇ ಇರಲಿ

ಹಲಗೆಯ ಮೇಲೆ ಮಲಗಿಸಿದ್ದ ಸಿಪಾಯಿಯ ತೊಡೆಯಲ್ಲಿ ಮುಷ್ಟಿ ತೂರುವಷ್ಟು ದೊಡ್ಡ ಗಾಯವಿತ್ತು. ಜೀವಬೆಸುಗೆ ಯಂತ್ರ ಅದರ ಮೇಲೆ ಬಾಗಿ ನೊರೆಯಂಥ ಲೇಪವನ್ನು ಸುರಿಯಿತು. ಲೇಪದಲ್ಲಿದ್ದ ಮೂಲಕೋಶಗಳು ಮೂಳೆ ಯಾವುದು, ನರ ಯಾವುದು, ಸ್ನಾಯು ಯಾವುದು ಎಂದು ತಾವೇ ಗುರುತು ಹಿಡಿದು ಅದರಂತೆ ಬೆಳೆದವು. ಸಂಜೆಗೆ ಸಿಪಾಯಿ ಎದ್ದು ಕುಳಿತು ಚಹಾ ಕುಡಿದ. ಮರುದಿನ ಕೋವಿ ಹೊತ್ತು ಮತ್ತೆ ಗಡಿಗೆ ಹೋದ. ಚಹಾ ಕುಡಿದದ್ದನ್ನು ಪತ್ರಿಕೆಗಳೆಲ್ಲ ಬರೆದವು. ಗಡಿಗೆ ಹೋದದ್ದು ಸುದ್ದಿ ಎಂದು ಯಾರಿಗೂ ಅನ್ನಿಸಲಿಲ್ಲ.

ಯಂತ್ರವನ್ನು ಕಂಡುಹಿಡಿದವರು ಡಾಕ್ಟರ್ ಮಂದಾಕಿನಿ ಕೌಲಗುಡ್ಡ. ಯುದ್ಧದ ಮೊದಲ ವರ್ಷವೇ ಅವರ ತಮ್ಮ ಗಡಿಯ ಉಪ್ಪಿನ ಬಯಲಿನಲ್ಲಿ ಗಾಯಗೊಂಡು, ಕೇಳುವವರಿಲ್ಲದೆ ಸತ್ತಿದ್ದ. ಇನ್ನೊಬ್ಬರ ತಮ್ಮ ಹಾಗೆ ಸಾಯಬಾರದೆಂದು ಆಕೆ ಹಟ ಹಿಡಿದರು. ವೈರಿಯ ತಮ್ಮನೂ ಸಾಯಬಾರದು ಎಂದರು. ಊರೆಲ್ಲ ಬೈದರೂ ಬಿಡದೆ ಎರಡೂ ದೇಶಗಳಿಂದ ಒಪ್ಪಂದ ಮಾಡಿಸಿದರು: ಬಿದ್ದವನು ಯಾರ ಕೈಗೆ ಸಿಕ್ಕರೂ ಸರಿ, ಅವರು ಅವನನ್ನು ಯಂತ್ರಕ್ಕೆ ಒಪ್ಪಿಸಬೇಕು. ಗುಣವಾದರೆ ಅವನು ತನ್ನ ಪಡೆಗೆ, ಆಗದಿದ್ದರೆ ತನ್ನ ಮನೆಗೆ. ಇಂಥ ಒಪ್ಪಂದ ಭೂಮಿಯ ಮೇಲೆ ಹಿಂದೆಂದೂ ಆಗಿರಲಿಲ್ಲ ಎಂದು ಎಲ್ಲರೂ ಹೊಗಳಿದರು. ಹೊಗಳುವುದಕ್ಕೇನು, ಬಾಯಿಗೆ ಬಾಡಿಗೆಯೇ?

ಒಂದೇ ಒಂದು ತೊಡಕಿತ್ತು. ಗಾಯವಾದ ಎರಡು ತಾಸಿನೊಳಗೆ ಲೇಪ ಬೀಳಬೇಕು. ಆಮೇಲೆ ಗಾಯದ ಅಂಚು ಒಣಗಿ ಮೂಲಕೋಶಗಳು ಹಿಡಿಯುವುದಿಲ್ಲ. ಈಚೀಚೆಗೆ ನಮ್ಮ ಪಡೆ ತಂದೊಪ್ಪಿಸುತ್ತಿದ್ದ ವೈರಿ ಗಾಯಾಳುಗಳೆಲ್ಲ ಈ ಗಡುವು ದಾಟಿಯೇ ಬರುತ್ತಿದ್ದರು. ಕುಂಟರಾಗಿ, ಕೈಮುರುಕರಾಗಿ ಮನೆಗೆ ಹೋಗುತ್ತಿದ್ದರು. ನಮ್ಮ ಹುಡುಗರು ಬೇಕೆಂದೇ ಅವರನ್ನು ಬಿಸಿಲಿಗೆ ಬಿಟ್ಟಿರುತ್ತಾರೆ ಎಂದು ಮಂದಾಕಿನಿಯವರಿಗೆ ಖಾತ್ರಿಯಾಯಿತು. ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಕುಳಿತು ಹೊಸ ಲೇಪ ಮಾಡಿದರು. ಅದಕ್ಕೆ ಗಡುವಿಲ್ಲ, ಉಸಿರೊಂದಿದ್ದರೆ ಸಾಕು. ಅದನ್ನು ಎರಡೂ ಪಡೆಗಳಿಗೆ ಹಂಚಲು ಹೇಳಿ, ಅದರ ಸುದ್ದಿ ಗಡಿ ಮುಟ್ಟುವ ಮೊದಲೇ ಒಂದು ಯಂತ್ರವನ್ನು ಜೀಪಿನಲ್ಲಿ ಹಾಕಿಕೊಂಡು ತಾವೇ ಗಡಿಗೆ ಹೊರಟರು.

ಉಪ್ಪಿನ ಬಯಲಿನಲ್ಲಿ ಅವರು ಕಂಡದ್ದು ಬೇರೆಯೇ. ವೈರಿ ಪಡೆಯ ಒಬ್ಬ ಬಿದ್ದಿದ್ದ, ಬಲಗಾಲು ಮೊಣಕಾಲಿನಿಂದ ಕೆಳಗೆ ಜಜ್ಜಿಹೋಗಿತ್ತು. ನಮ್ಮ ಹವಾಲ್ದಾರ್ ಫಕೀರಪ್ಪ ಬೂದಿಹಾಳ ರಕ್ತ ನಿಲ್ಲುವಂತೆ ತೊಡೆಗೆ ಪಟ್ಟಿ ಬಿಗಿದು, ನೋವಿನ ಸೂಜಿ ಚುಚ್ಚಿ, ತನ್ನ ಅಂಗಿಯನ್ನೇ ನೆರಳಾಗಿ ಹಿಡಿದು ಪಕ್ಕದಲ್ಲಿ ಕುಳಿತಿದ್ದ. ಇಬ್ಬರೂ ಹರಟುತ್ತಿದ್ದರು. ಒಂಬತ್ತು ವರ್ಷದ ಯುದ್ಧದಲ್ಲಿ ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಅಷ್ಟಿಷ್ಟು ಬಂದಿತ್ತು.

"ಯಂತ್ರ ಕರೆಯದೆ ಏನು ಮಾಡುತ್ತಿದ್ದೀಯಪ್ಪಾ?"

"ತಾಸು ಕಳಿಯಾಕತ್ತೀನ್ರಿ, ಡಾಕ್ಟರ ಬಾಯಾರ."

"ಕಾಲು ಹೋಗುತ್ತದಲ್ಲೋ!"

"ಹೋಗ್ಲಿ ಅಂತನ ಕುಂತೀನ್ರಿ. ಇಂವ ರೂವಾನ್ ಅಂತ. ನಾಕು ಸಲ ಬಿದ್ದಾನ, ನಾಕೂ ಸಲ ನಿಮ್ಮ ಯಂತ್ರ ಎಬ್ಬಿಸಿ ಕಳಿಸೈತಿ. ಈ ಸಲ ಕಾಲು ಹೋದ್ರ ಮನಿಗೆ ಹೊಕ್ಕಾನ. ಅವನ ಮಗಳು ಅಪ್ಪನ ಮಾರಿ ನೋಡಿಲ್ರಿ ಇನ್ನಾ."

ಮಂದಾಕಿನಿ ಬಾಗಿ ಗಾಯ ನೋಡತೊಡಗಿದರು. ಫಕೀರಪ್ಪನೇ ಮುಂದುವರಿಸಿದ. "ನಾವು ಅವರ ಹುಡುಗರನ್ನ ಮನಿಗೆ ಕಳಸ್ತೀವಿ, ಅವರು ನಮ್ಮವರನ್ನ ಕಳಸ್ತಾರ. ಲಗ್ನದಾಗ ಮುಯ್ಯಿ ಮಾಡ್ತಾರಲ್ರಿ, ಹಂಗ. ಮೊದಲಿನ ಯುದ್ಧದಾಗ ಮಂದಿ ತೀರಿದ ಮ್ಯಾಲೆ ಯುದ್ಧ ತೀರತಿತ್ತಂತ. ಈಗ ಮಂದಿನ ತೀರವಲ್ರು."

ಇಷ್ಟು ವರ್ಷ ಇದೊಂದು ಲೆಕ್ಕ ತಮಗೆ ಹೊಳೆಯಲಿಲ್ಲವಲ್ಲ ಎಂದು ಮಂದಾಕಿನಿ ತಮ್ಮನ್ನೇ ಬೈದುಕೊಂಡರು. ಆದರೂ ಎದುರಿಗೆ ಒಂದು ಕಾಲಿತ್ತು, ನೋವಿತ್ತು. ಪಕ್ಕದಲ್ಲಿ ಅದನ್ನು ನೆಟ್ಟಗೆ ಮಾಡುವ ಲೇಪವಿತ್ತು. ನೆಟ್ಟಗಾಗುವ ಕಾಲನ್ನು ಬಿಟ್ಟು ಏಳುವುದು ವೈದ್ಯರ ಜಾತಿಗೆ ಬರುವ ವಿದ್ಯೆಯಲ್ಲ. ರೂವಾನ್ ಕೈ ಮುಗಿದ. "ಬೇಡ ಅಕ್ಕ," ಎಂದು ಕನ್ನಡದಲ್ಲೇ ಹೇಳಿದ. ಫಕೀರಪ್ಪ ಮಂದಾಕಿನಿಯವರ ಮಣಿಕಟ್ಟು ಹಿಡಿದ. "ಕಾಲು ಹಂಗ ಇರ್ಲಿ ಬಿಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಅವರು ಕೈ ಬಿಡಿಸಿಕೊಂಡು ಯಂತ್ರದ ಗುಂಡಿ ಒತ್ತಿದರು. ದಯೆಯಿಂದಲೇ ಒತ್ತಿದರು, ಆ ಮಾತಿನಲ್ಲಿ ಅನುಮಾನ ಬೇಡ. ಸಂಜೆಗೆ ರೂವಾನ್ ಎರಡೂ ಕಾಲಿನ ಮೇಲೆ ನಿಂತು ಅಳುತ್ತಿದ್ದ. ಮರುದಿನ ಅವನನ್ನು ಅವನ ಪಡೆಗೆ ಒಪ್ಪಿಸಲಾಯಿತು.

ಹೊಸ ಲೇಪ ಹರಡಿದ ಮೇಲೆ ಕುಂಟರಾಗಿ ಮನೆಗೆ ಹೋಗುವವರೇ ಇಲ್ಲವಾದರು. ರಾಜಧಾನಿಯಲ್ಲಿ ಹಾರ ತುರಾಯಿ ಎಲ್ಲ ಆಯಿತು. ಆದರೆ ಇನ್ನೊಂದು ಸುದ್ದಿಯೂ ಬಂತು: ಗಡಿಯಲ್ಲಿ ಸಾವು ಏಕಾಏಕಿ ಏರುತ್ತಿತ್ತು. ಗಾಯಗಳೆಲ್ಲ ಬದುಕುವಂಥವೇ, ಆದರೂ ಬಿದ್ದವರು ಯಂತ್ರ ತಲುಪುವ ಮೊದಲೇ ಸಾಯುತ್ತಿದ್ದರು. ಮಂದಾಕಿನಿ ಮತ್ತೆ ಉಪ್ಪಿನ ಬಯಲಿಗೆ ಹೋದರು.

ಫಕೀರಪ್ಪ ಸೊರಗಿ ಇಳಿದುಹೋಗಿದ್ದ. ಅವರೇ ಕೇಳಿದರು, "ರೂವಾನ್ ಹೇಗಿದ್ದಾನೆ?"

"ಮೊನ್ನೆ ಮತ್ತ ಬಿದ್ದಿದ್ದ ನೋಡ್ರಿ. ಎರಡೂ ತೊಡಿ ಹೋಗಿದ್ವು. ದೂರದಾಗ ಯಂತ್ರ ಬರೂದು ಕಂಡು ಅಂವ ನನ್ನ ಕೈ ಹಿಡಕೊಂಡ. ಈ ಸಲ ಯಂತ್ರಕ್ಕ ಬಿಡಬ್ಯಾಡ ಅಂದ."

"ನೀನೇನು ಮಾಡಿದೆ?"

"ತಲಿ ತೊಡಿ ಮ್ಯಾಲೆ ಇಟಗೊಂಡ್ನಿ. ಬಾಯಿಗೆ ನೀರು ಬಿಟ್ನಿ. ಮಗಳ ಹೆಸರು ಹೇಳಿದ, ಕೇಳಿದ್ನಿ. ಉಸಿರಿದ್ರ ನೀವು ಎಬ್ಬಸ್ತೀರಿ. ಅದಕ್ಕ ಉಸಿರನ್ನ ನಿಲ್ಲಿಸಿದ್ನಿ."

ಮಂದಾಕಿನಿ ಉಪ್ಪಿನ ನೆಲದ ಮೇಲೆ ಕುಳಿತರು. ಫಕೀರಪ್ಪ ತನ್ನ ನೀರಿನ ಬಾಟಲಿಯನ್ನು ಅವರ ಮುಂದೆ ಹಿಡಿದ.

"ನಮ್ಮ ತುಕಡಿ ಗುರುಶಾಂತಗೂ ಆಚಿ ಕಡೆಯವರು ಹಂಗ ಮಾಡ್ಯಾರ್ರಿ. ಕಣ್ಣು ಮುಚ್ಚಿಸಿ, ಮಾರಿ ಒರಸಿ ಕಳಿಸಿದ್ರು. ಛಲೋ ಮಂದಿ. ನನಗೂ ಹಂಗ ಮಾಡ್ರಿ ಅಂತ ಹೇಳಿ ಇಟ್ಟೀನಿ."