ಗರಗಸದ ಪಾಲು

ಬೀಗಕ್ಕೆ ಏನೂ ಆಗಿರಲಿಲ್ಲ. ಪೆಟ್ಟಿಗೆಯ ಕೊಂಡಿಯೇ ತುಂಡಾಗಿ ನೇತಾಡುತ್ತಿತ್ತು. ಬೀಗ ಮಾತ್ರ ಅದರ ತುದಿಯಲ್ಲಿ ಭದ್ರವಾಗಿ ಹಾಕಿಕೊಂಡೇ ಇತ್ತು.

ಒಳಗಿದ್ದ ಬಟ್ಟೆಗಳ ಮಡಿಕೆ ಕೂಡ ಕೆಟ್ಟಿರಲಿಲ್ಲ. ಹೋಗಿದ್ದು ಒಂದೇ ವಸ್ತು. ಕೆಂಪು ಹರಳಿನ ಎರಡೆಳೆಯ ಸರ.

“ನಮ್ಮಮ್ಮಂದು,” ಎಂದರು ಮನೆಯ ಯಜಮಾನಿ. ಅರವತ್ತು ದಾಟಿದ ಗಟ್ಟಿ ಹೆಂಗಸು. “ಯಾರು ತೆಗೆದಿದ್ದು ಅಂತ ನನಗೆ ಗೊತ್ತು. ಹಿಂದಿನ ಶೆಡ್ಡಿಗೆ ಹೋಗಿ ನೋಡಿ. ನನ್ನ ತಮ್ಮ ಅಲ್ಲೇ ಇರ್ತಾನೆ.”

ನಾನು ಪೊಲೀಸ್ ಜೀಪಿನ ಡ್ರೈವರ್. ಹೊರಗೆ ಕೂತು ಕಾಯುವುದು ನನ್ನ ಕೆಲಸ. ಆದರೆ ನಮ್ಮ ಇನ್‌ಸ್ಪೆಕ್ಟರ್ ಮೇಡಂಗೆ ಪ್ರಶ್ನೆ ಕೇಳುವಾಗ ಪಕ್ಕದಲ್ಲಿ ಒಬ್ಬರು ತಲೆಯಾಡಿಸುತ್ತಿರಬೇಕು. ಆ ಡ್ಯೂಟಿಯೂ ನನ್ನದೇ. ಅವರ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಕೇಸಿಗೆ ಸಂಬಂಧವೇ ಇರುವುದಿಲ್ಲ ಎಂದು ಸ್ಟೇಷನ್ನಿನಲ್ಲಿ ಎಲ್ಲರೂ ನಗುತ್ತೇವೆ. ಕೇಸು ಮುಗಿದ ಮೇಲೆ ನಗು ನಿಲ್ಲಿಸುತ್ತೇವೆ.

ಮೇಡಂ ಕೊಂಡಿಯ ಮೇಲೆ ಬೆರಳಾಡಿಸಿದರು. ಕೊಯ್ದ ಜಾಗ ನುಣ್ಣಗಿತ್ತು.

“ಕಬ್ಬಿಣ ಕತ್ತರಿಸೋ ಗ್ರೈಂಡರ್‌ನಲ್ಲಿ ಕೊಯ್ದಿದ್ದಾರೆ. ಸದ್ದು ಕೇಳಲಿಲ್ವಾ?”

“ನಿನ್ನೆ ಮಧ್ಯಾಹ್ನ ನಾನು ಕಣ್ಣು ತೋರಿಸೋಕೆ ಡಾಕ್ಟರ ಹತ್ರ ಹೋಗಿದ್ದೆ. ಗ್ರೈಂಡರ್ ಇರೋದು ಅವನ ಹತ್ರಾನೇ.”

“ತಮ್ಮನ ಮೇಲೆ ಅಷ್ಟು ಅನುಮಾನ ಯಾಕೆ?”

“ಸರ ನನ್ನ ಮಗಳಿಗೆ ಅಂತ ಹೇಳಿದ್ದೆ. ಇವನಿಗೂ ಒಬ್ಬಳು ಮಗಳಿದ್ದಾಳೆ. ‘ಅಮ್ಮನ ಸರ, ಇಬ್ಬರಿಗೂ ಸೇರಬೇಕು, ಇಲ್ಲದಿದ್ರೆ ಯಾರಿಗೂ ಬೇಡ’ ಅಂತ ಹೋದ ತಿಂಗಳು ಕೂಗಾಡಿದ. ನಲವತ್ತು ವರ್ಷ ಒಂದೇ ಒಲೆಯಲ್ಲಿ ಉಂಡಿದ್ದೀವಿ ಮೇಡಂ. ಸಂಜೆಯೊಳಗೆ ಸರ ಸಿಗದಿದ್ರೆ ಅವನ ಹೆಸರಲ್ಲೇ ಕಂಪ್ಲೇಂಟ್ ಬರ್ಕೊಳ್ಳಿ.”

ಬಾಗಿಲ ಬಳಿ ನಿಂತಿದ್ದ ಅವರ ಅಳಿಯ ಮೆಲ್ಲಗೆ, “ಬೇಡ ಅತ್ತೆ, ಮನೆ ಮರ್ಯಾದೆ,” ಎಂದ. ಇಸ್ತ್ರಿ ಅಂಗಿ, ಹಿತವಾದ ಮಾತು. ಒಂದು ವಾರದಿಂದ ಇಲ್ಲೇ ಉಳಿದಿದ್ದನಂತೆ, ಇವತ್ತು ಹೊರಡುವವನು. ಪಾಪ, ಒಳ್ಳೆಯ ಹುಡುಗ ಎಂದುಕೊಂಡೆ.

*

ತಮ್ಮನನ್ನು ಬೀದಿಯವರು ಕರೆಯುವುದು ಅಳತೆಯಣ್ಣ ಎಂದು. ಮೊದಲು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಈಗ ನಿವೃತ್ತಿ. ಶೆಡ್ಡೇ ಪ್ರಪಂಚ.

ಶೆಡ್ಡಿನ ನಡುವೆ ದೊಡ್ಡ ಚಕ್ರಗರಗಸದ ಮೇಜು. ಒಂದು ಮೂಲೆಯಲ್ಲಿ ನಿಂತುಕೊಂಡು ಕೊರೆಯುವ ಡ್ರಿಲ್ಲಿಂಗ್ ಮೆಷಿನ್. ಇನ್ನೊಂದು ಕಡೆ ಸೌದೆ ಸೀಳುವ ಯಂತ್ರ. ಹಳೆಯ ನೀರಿನ ಪಂಪಿನ ಮೋಟಾರು, ಒಂದು ಬೆಲ್ಟು, ಅದರ ತುದಿಗೆ ಅಡ್ಡ ಮಲಗಿಸಿದ ಬುಗುರಿಯಂಥ ಉಕ್ಕಿನ ತಿರುಪು. ದಿಮ್ಮಿಯನ್ನು ಅದಕ್ಕೆ ಒತ್ತಿದರೆ ತಿರುಪು ತಾನೇ ಒಳಗೆ ಕೊರೆದುಕೊಂಡು ಹೋಗಿ ಮರವನ್ನು ಎರಡು ಹೋಳು ಮಾಡುತ್ತದೆ.

ಮೇಡಂ ಕೇಸು ಮರೆತರು. “ಇದನ್ನ ನೀವೇ ಮಾಡಿದ್ರಾ? ಒಂದು ಸೀಳಿ ತೋರಿಸಿ.”

ಅಳತೆಯಣ್ಣನ ಕಣ್ಣು ರಾತ್ರಿಯಿಡೀ ನಿದ್ದೆಯಿಲ್ಲದೆ ಕೆಂಪಾಗಿತ್ತು. ಆದರೂ ಸೀಳಿ ತೋರಿಸಿದ. ಮರ ಚಟಾರನೆ ಬಿರಿಯಿತು. ಮೇಡಂ ಇನ್ನೊಂದನ್ನು ತಾವೇ ಒತ್ತಿ ಸೀಳಿದರು. ನನಗೆ ಹೊಟ್ಟೆ ತಾಳ ಹಾಕುತ್ತಿತ್ತು. ಇವರಿಗೆ ಸೌದೆ.

“ಎಲ್ಲಾ ತುಂಡೂ ಒಂದೇ ಉದ್ದ ಇದೆಯಲ್ಲ?”

“ನೀರು ಕಾಯಿಸೋ ಬಾಯ್ಲರಿನ ಬಾಯಿಗೆ ಸರಿಯಾಗಿ. ಗರಗಸದ ಮೇಜಿನ ಮೇಲೆ ಅಡ್ಡಪಟ್ಟಿ ಹೊಡೆದಿದ್ದೀನಿ ನೋಡಿ. ಮರದ ತುದಿ ಅದಕ್ಕೆ ತಾಗಿಸಿ ಕೊಯ್ದ್ರೆ ಕೂದಲೆಳೆಯಷ್ಟೂ ಆಚೀಚೆ ಆಗಲ್ಲ.” ಅವನು ಪಟ್ಟಿಯ ಮೇಲಿನ ಪುಡಿ ಒರೆಸಿದ. “ಸುಡೋ ಸೌದೆಗೂ ಸ್ಕೇಲ್ ಹಿಡೀತಾನೆ ಅಂತ ಅಕ್ಕ ಊರಿಗೆಲ್ಲ ಹೇಳ್ಕೊಂಡು ನಗ್ತಾಳೆ. ನಗ್ತಿದ್ಲು.”

ಅಲ್ಲೊಂದು ಹಲಗೆಯಿತ್ತು. ಅದರ ಮೇಲೆ ಪೆನ್ಸಿಲಿನಲ್ಲಿ ಜೋಡಿ ಗೆರೆಗಳು.

“ಒಂದು ಕಡೆ ಕೊಯ್ಯೋಕೆ ಎರಡು ಗೆರೆ ಯಾಕೆ?”

“ಗರಗಸಕ್ಕೂ ಒಂದು ಪಾಲಿದೆ ಮೇಡಂ. ಬ್ಲೇಡಿನ ದಪ್ಪದಷ್ಟು ಮರ ಪುಡಿಯಾಗಿ ಹೋಗುತ್ತೆ. ಆ ಪಾಲು ಬಿಟ್ಟು ಗೆರೆ ಎಳೀಬೇಕು. ಇಲ್ಲದಿದ್ರೆ ಕೊನೆಗೆ ಗಿಡ್ಡ ಬೀಳುತ್ತೆ.”

ಮೇಡಂ ತಲೆಯಾಡಿಸಿದರು. ಆಮೇಲೆ ಎಂದಿನಂತೆ ಮೂಲೆ ಮೂಲೆಗೆ ಮೂಗು ತೂರಿಸುತ್ತ ಡ್ರಿಲ್ಲಿಂಗ್ ಮೆಷಿನ್ನಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತರು. ಅಲ್ಲಿ ಕಬ್ಬಿಣದ ಕಪ್ಪು ಪುಡಿ ಹರಡಿತ್ತು. ಅದರ ಮೇಲೆ ಸುರುಳಿ ಸುರುಳಿಯಾದ ಹಳದಿ ಚೂರು.

“ಇದು ಮರ.”

ಅಳತೆಯಣ್ಣನೂ ಬಗ್ಗಿ ನೋಡಿದ. ಮುಖ ಗಂಟಾಯಿತು. “ಇದರಲ್ಲಿ ಮರ ಕೊರೆಯೋಕೆ ನಾನು ಯಾರನ್ನೂ ಬಿಡಲ್ಲ. ಕಬ್ಬಿಣಕ್ಕೆ ಮಾತ್ರ ಇದು. ಯಾರೋ ನನ್ನ ಮೆಷಿನ್ ಮುಟ್ಟಿದ್ದಾರೆ!”

ಅಕ್ಕ ತನ್ನನ್ನು ಕಳ್ಳ ಅಂದಾಗಲೂ ಈ ಮನುಷ್ಯನಿಗೆ ಇಷ್ಟು ಸಿಟ್ಟು ಬಂದಿರಲಿಕ್ಕಿಲ್ಲ.

“ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?”

“ಬೆಲ್ಟ್ ತರೋಕೆ ಹೋಗಿದ್ದೆ. ಅಂಗಡಿ ಮುಚ್ಚಿತ್ತು. ವಾಪಸ್ ಬಂದೆ. ದಾರೀಲಿ ಯಾರೂ ಸಿಗಲಿಲ್ಲ. ನಂಬೋದಾದ್ರೆ ನಂಬಿ.”

ನನಗೆ ನಂಬಿಕೆ ಬರಲಿಲ್ಲ.

*

ಮನೆಯ ಮುಂದಿನ ಕೋಣೆಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಬೈಂಡರ್ ಬಾಡಿಗೆಗಿದ್ದ. ನಮ್ಮನ್ನು ನೋಡಿದ್ದೇ ತಡ, ಕೈಲಿದ್ದ ಕತ್ತರಿ ಕೆಳಗೆ ಬಿತ್ತು. ಸಿಕ್ಕಿದ ಕಳ್ಳ ಎಂದುಕೊಂಡೆ.

“ನಿನ್ನೆ ಮಧ್ಯಾಹ್ನ ಇಲ್ಲೇ ಇದ್ರಾ?”

“ಇದ್ದೆ. ಅಂದ್ರೆ… ಇರಲಿಲ್ಲ. ಅಂದ್ರೆ, ಮೊದಲು ಇದ್ದೆ.”

“ಸರಿಯಾಗಿ ಹೇಳ್ರೀ.”

“ಸಿನಿಮಾಕ್ಕೆ ಹೋಗಿದ್ದೆ ಮೇಡಂ. ಸ್ಕೂಲಿನವರ ಪುಸ್ತಕ ಇನ್ನೂ ಆಗಿಲ್ಲ. ಅವರಿಗೆ ಜ್ವರ ಅಂತ ಹೇಳಿದ್ದೀನಿ. ದಯವಿಟ್ಟು ಬಾಯಿ ಬಿಡಬೇಡಿ.”

ಅವನ ಜೇಬಿನಲ್ಲಿ ಹರಿದ ಟಿಕೆಟ್ಟೂ ಇತ್ತು. ನನ್ನ ಕಳ್ಳ ಅಲ್ಲಿಗೆ ಕೈತಪ್ಪಿದ.

“ಹೋಗೋ ಮುಂಚೆ ಶೆಡ್ಡಿನಿಂದ ಸದ್ದು ಕೇಳಿಸ್ತಾ?”

“ಗರಗಸ ಕೂಗ್ತಿತ್ತು. ದಿನಾ ಕೂಗುತ್ತೆ, ಅದನ್ನ ಯಾರು ಗಮನಿಸ್ತಾರೆ? ನನ್ನ ಗೋಳೇ ನನಗೆ ಸಾಕಾಗಿದೆ. ಸಿನಿಮಾದಿಂದ ಬರೋಷ್ಟರಲ್ಲಿ ಯಾರೋ ನನ್ನ ಗೋಂದಿನ ಡಬ್ಬ ತೆಗೆದು, ಮುಚ್ಚಳ ಹಾಕದೆ ಬಿಟ್ಟಿದ್ದಾರೆ. ಪೂರ್ತಿ ಒಣಗಿ ಹೋಗಿದೆ ನೋಡಿ.”

ಮೇಡಂ ಡಬ್ಬವನ್ನು ಮೂಗಿನ ಹತ್ತಿರ ತಂದು, ತಿರುಗಿಸಿ ನೋಡಿದರು. ಅವರ ಮುಖದಲ್ಲಿ ಸಂತೋಷ ಕಾಣಿಸಿತು.

“ಕೊಯ್ಯೋಕೆ ಗರಗಸ. ಕೊರೆಯೋಕೆ ಡ್ರಿಲ್. ಅಂಟಿಸೋಕೆ ಗೋಂದು,” ಎಂದರು ನನಗೆ. “ಇವಿಷ್ಟೂ ಸೇರಿದ್ರೆ ಏನಾಗುತ್ತೆ?”

“ಬಡಗಿ ಕೆಲಸ,” ಎಂದೆ.

“ಮರದೊಳಗೆ ಒಂದು ಡಬ್ಬಿ ಆಗುತ್ತೆ ಕಣ್ರೀ. ದಿಮ್ಮಿಯ ತುದಿ ಬಿಲ್ಲೆ ಹಾಗೆ ಕೊಯ್ಯೋದು. ಒಳಗೆ ಕೊರೆಯೋದು. ಸರ ತುರುಕಿ ಬಿಲ್ಲೆ ವಾಪಸ್ ಅಂಟಿಸೋದು. ಸೌದೆ ರಾಶೀಲಿ ಅದನ್ನ ಯಾರು ಹುಡುಕ್ತಾರೆ?”

“ಎಲ್ಲಾನೂ ಸೀಳಿ ನೋಡೋಣ್ವಾ?”

“ಆ ತಿರುಪು ಹರಳನ್ನೂ ಹಿಟ್ಟು ಮಾಡುತ್ತೆ. ಬೇಡ. ಗರಗಸವನ್ನೇ ಕೇಳೋಣ.”

*

ಮೇಡಂ ಗರಗಸದ ಕರೆಂಟ್ ತೆಗೆಸಿದರು. ಸೀಳದೆ ಉಳಿದಿದ್ದ ದಿಮ್ಮಿಗಳನ್ನು ಒಂದೊಂದಾಗಿ ಅಡ್ಡಪಟ್ಟಿಗೂ ಬ್ಲೇಡಿಗೂ ನಡುವೆ ಇಡಲು ಹೇಳಿದರು. ಹೊತ್ತವನು ಯಾರು? ಡ್ರೈವರ್.

“ತುದಿ ಕೊಯ್ದು ಅಂಟಿಸಿದ ದಿಮ್ಮಿ ಇದ್ರೆ, ಅದರಲ್ಲಿ ಗರಗಸದ ಪಾಲು ಹೋಗಿರುತ್ತೆ,” ಎಂದರು. “ಅಷ್ಟು ಗಿಡ್ಡ ಇರಲೇಬೇಕು.”

ಅಕ್ಕ, ಅಳಿಯ, ಬೈಂಡರ್ ಎಲ್ಲರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮೊದಲನೆಯದು ಸರಿಯಾಗಿ ಕೂತಿತು. ಎರಡನೆಯದೂ ಕೂತಿತು. ಕೊನೆಯದೂ, ಅಚ್ಚಿನಲ್ಲಿ ಎರೆದಂತೆ, ಹಾಗೇ ಕೂತಿತು. ನನ್ನ ಸೊಂಟ ಮಾತ್ರ ಮತ್ತೆ ನೆಟ್ಟಗಾಗಲಿಲ್ಲ.

ಮೇಡಂ ತುಟಿ ಕಚ್ಚಿಕೊಂಡರು. ಅಳತೆಯಣ್ಣ ಸ್ಟೂಲಿನ ಮೇಲೆ ಕುಸಿದ. ಅಕ್ಕ ಮುಖ ತಿರುಗಿಸಿ, “ಸಾಕು ಈ ಆಟ. ಕಂಪ್ಲೇಂಟ್ ಬರ್ಕೊಳ್ಳಿ,” ಎಂದರು.

“ಹಾಗಾದ್ರೆ ನಾನು ಹೊರಡ್ತೀನಿ ಅತ್ತೆ. ಲೇಟಾಯ್ತು,” ಎಂದ ಅಳಿಯ.

“ಒಂದು ನಿಮಿಷ,” ಎಂದರು ಮೇಡಂ. “ನಿಮ್ಮ ಕಾರಿನ ಹಿಂದೆ ಒಂದು ಚೀಲ ಕಂಡೆ. ಏನದು?”

“ಸ್ವಲ್ಪ ಸೌದೆ. ಮಾವ ಪ್ರೀತಿಯಿಂದ ಕೊಟ್ಟಿದ್ದು.”

“ನಾನು ಕೊಟ್ಟಿದ್ದಲ್ಲ, ನೀವು ಕೇಳಿದ್ದು,” ಎಂದ ಅಳತೆಯಣ್ಣ ಬೇಸರದಿಂದ. “ಅದೂ ದುಂಡಗೇ ಇರಲಿ, ಸೀಳಬೇಡಿ ಅಂದ್ರಿ. ಸೀಳದ ಸೌದೆ ಯಾರಾದ್ರೂ ಕೇಳ್ತಾರಾ?”

ಮೇಡಂ ಯಜಮಾನಿಯತ್ತ ತಿರುಗಿದರು. “ನಿಮ್ಮ ಮಗಳ ಮನೆ ಹೇಗಿದೆ?”

“ಅಪಾರ್ಟ್‌ಮೆಂಟು. ನಾಲ್ಕನೇ ಮಹಡಿ,” ಎಂದವರೇ ಅಳಿಯನ ಮುಖ ನೋಡಿದರು. “ಅಲ್ಲಿ ಒಲೆ ಎಲ್ಲಿದೆ?”

“ಇವರ ಚೀಲ ಇಳಿಸ್ರೀ,” ಎಂದರು ಮೇಡಂ ನನಗೆ.

ಮೂರು ದಿಮ್ಮಿ ಸರಿಯಾಗಿ ಕೂತವು. ನಾಲ್ಕನೆಯದನ್ನು ಅಡ್ಡಪಟ್ಟಿಗೆ ಒತ್ತಿದೆ. ಬ್ಲೇಡಿನ ಕಡೆ ಸಂದು ಬಿತ್ತು. ಮೇಡಂ ತಮ್ಮ ಐಡಿ ಕಾರ್ಡು ತೂರಿಸಿದರು. ಸಲೀಸಾಗಿ ಹೋಯಿತು.

“ಇದನ್ನ ಯಂತ್ರಕ್ಕೆ ಕೊಡಿ. ಸೀಳೇ ಬಿಡೋಣ.”

ಅಳತೆಯಣ್ಣ ಗುಂಡಿ ಒತ್ತಿದ. ಉಕ್ಕಿನ ತಿರುಪು ಗಿರ್ರನೆ ತಿರುಗಿತು. ದಿಮ್ಮಿ ಅದರ ಹತ್ತಿರ ಹೋಯಿತು.

“ಬೇಡ! ಬೇಡ, ಹಾಳಾಗುತ್ತೆ!” ಅಳಿಯ ಕೂಗಿದ.

ಮೋಟಾರು ನಿಂತಿತು. ಮೇಡಂ ಕೇಳಿದರು. “ಏನು ಹಾಳಾಗುತ್ತೆ? ಸೌದೆನಾ?”

ಇಂಗು ತಿಂದ ಮಂಗನ ಮುಖವನ್ನು ನಾನು ಅವತ್ತು ಹತ್ತಿರದಿಂದ ನೋಡಿದೆ.

*

ಅಳತೆಯಣ್ಣ ಉಳಿ ಇಟ್ಟು ಎರಡು ಏಟು ಹಾಕಿದ. ಬಿಲ್ಲೆ ಕಳಚಿ ಬಿತ್ತು. ಒಳಗೆ ಹತ್ತಿರ ಹತ್ತಿರ ಕೊರೆದ ತೂತುಗಳು ಸೇರಿ ಒಂದು ಗೂಡಾಗಿತ್ತು. ಗೂಡಿನಿಂದ ಹತ್ತಿ, ಹತ್ತಿಯಿಂದ ಕೆಂಪು ಹರಳು.

“ನಿಮ್ಮ ತಮ್ಮನೇ ಮಾಡಿದ್ದರೆ ದಿಮ್ಮಿ ಗಿಡ್ಡ ಬೀಳ್ತಿರಲಿಲ್ಲ,” ಎಂದರು ಮೇಡಂ ಯಜಮಾನಿಗೆ. “ಬ್ಲೇಡಿನ ದಪ್ಪದಷ್ಟು ಉದ್ದ ಬಿಟ್ಟೇ ಕೊಯ್ಯೋರು. ಇದು ಅವರ ಕೈಯಲ್ಲ ಅಂತ ಮರದ ಚೂರು ಕಂಡಾಗಲೇ ಅನ್ನಿಸ್ತು. ಆ ಡ್ರಿಲ್ಲಿಗೆ ಮರ ಕೊಡೋ ಮನುಷ್ಯ ಅಲ್ಲ ಇವರು. ವಾರವೆಲ್ಲ ನೋಡಿ ಮೆಷಿನ್ ಓಡಿಸೋದು ಕಲಿತವನ ಕೆಲಸ ಇದು. ಗರಗಸ ಓಡಿಸೋದು ಕಲಿತ, ಅದು ಎಷ್ಟು ತಿನ್ನುತ್ತೆ ಅನ್ನೋದು ಕಲಿಯಲಿಲ್ಲ. ಒಂದು ಮಾತ್ರ ನನಗಿನ್ನೂ ತಿಳೀತಿಲ್ಲ. ಸರ ನಿಮ್ಮ ಮಗಳಿಗೇ ಬರೋದಿತ್ತಲ್ಲ. ಇವರು ಕದ್ದಿದ್ದು ಯಾಕೆ?”

ಯಜಮಾನಿ ಅಳಿಯನನ್ನೇ ದಿಟ್ಟಿಸುತ್ತ ಹೇಳಿದರು. “ಮೊನ್ನೆ ಇವನಿಗೊಬ್ಬನಿಗೇ ಹೇಳಿದ್ದೆ. ಎರಡೆಳೆ ಬಿಡಿಸಿ ಇಬ್ಬರು ಹುಡುಗಿಯರಿಗೂ ಒಂದೊಂದು ಎಳೆ ಕೊಡ್ತೀನಿ, ನಿನ್ನ ಹೆಂಡತಿಗೆ ತಿಳಿಸು ಅಂತ.”

“ಅರ್ಧ ಯಾಕೆ ಬಿಡಬೇಕು?” ಎಂದ ಅಳಿಯ. ಹಿತವಾದ ದನಿ ಎಲ್ಲೋ ಹೋಗಿತ್ತು. “ಅವಳು ನಿಮ್ಮ ಸ್ವಂತ ಮಗಳಲ್ವಾ?”

ಅಳತೆಯಣ್ಣ ಅವನ ಕಡೆ ನೋಡಲೇ ಇಲ್ಲ. “ನೀನು ಕೊಡೋಳಿದ್ಯಾ ಅಕ್ಕ?”

“ಶನಿವಾರ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಪೆಟ್ಟಿಗೆ ಒಡೆದಿತ್ತು. ಕೊಂಡಿ ನೋಡಿದ ತಕ್ಷಣ ನಿನ್ನ ಹೆಸರೇ ಬಾಯಿಗೆ ಬಂತು. ಬೇರೆ ಯಾರೂ ನೆನಪಾಗಲಿಲ್ಲ.” ಅಕ್ಕ ಈಗ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. “ತಪ್ಪಾಯ್ತು ಕಣೋ. ಇದನ್ನ ಮರೆತುಬಿಡು. ಮೊದಲಿನ ಹಾಗೇ ಇರೋಣ.”

ಅಳತೆಯಣ್ಣ ಬಿದ್ದ ಬಿಲ್ಲೆಯನ್ನು ಎತ್ತಿಕೊಂಡ. ದಿಮ್ಮಿಯ ತುದಿಗೆ ಇಟ್ಟು, ತೊಗಟೆಗೆ ತೊಗಟೆ ಕೂಡಿಸಿ ತಿರುಗಿಸಿದ. ಚೆನ್ನಾಗಿಯೇ ಕೂತಿತು.

“ನೋಡು, ಸಂದೇ ಕಾಣಲ್ಲ,” ಎಂದ. “ಆದ್ರೂ ಅಷ್ಟು ಹೋಗಿದೆ ಅಕ್ಕ. ಪುಡಿಯಾಗಿ ಹೋಗಿದ್ದು ಎಲ್ಲಿಂದ ತರ್ತೀಯ?”

ಈ ಮನುಷ್ಯನ ಮೇಲೆ ನಾನೂ ಬೆಳಿಗ್ಗೆಯಿಂದ ಅನುಮಾನ ಪಟ್ಟಿದ್ದೆ, ನಾಚಿಕೆಯಾಯಿತು.

ಮೇಡಂ ದಿಮ್ಮಿ, ಬಿಲ್ಲೆ, ಸರ ಮೂರನ್ನೂ ಸಾಕ್ಷಿಗೆಂದು ಕಟ್ಟಿಸಿದರು. ಅಳಿಯನನ್ನು ಜೀಪಿನ ಹಿಂದೆ ಕೂರಿಸಿದೆ. ಕನ್ನಡಿ ಸರಿಮಾಡುವಾಗ ಶೆಡ್ಡು ಕಂಡಿತು.

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, ನಾವು ಚೆಲ್ಲಿ ಬಂದಿದ್ದ ಸೌದೆಯನ್ನು ಒಂದೊಂದೇ ಆಯ್ದು ಗೋಡೆಗೆ ಒಟ್ಟುತ್ತಿದ್ದರು. ಅಳತೆಯಣ್ಣ ಸ್ಟೂಲಿನಿಂದ ಏಳದೆ ನೋಡುತ್ತ ಕೂತಿದ್ದ.

“ಅಲ್ಲಲ್ಲ,” ಎಂದ ಕೊನೆಗೆ. “ತುದಿ ಸಮ ಇಡು.”

ಅಕ್ಕ ಬಗ್ಗಿ, ಅಂಗೈಯಿಂದ ತಟ್ಟಿ ತಟ್ಟಿ, ತುದಿ ಸಮ ಮಾಡಿದರು.