ಅಮಾವಾಸ್ಯೆಗೆ ಉಳಿದ ಕಂಪ್ಯೂಟರ್

ಕಂಪ್ಯೂಟರ್ ಹ್ಯಾಂಗ್ ಆದಾಗಲೆಲ್ಲ ವಿಶಾಖಾ ಮೊದಲು ಅದನ್ನು ಬಯ್ಯುತ್ತಿದ್ದಳು, ಆಮೇಲೆ ಕನ್ನಡಿ ನೋಡಿಕೊಳ್ಳುತ್ತಿದ್ದಳು. ರಿಪೇರಿಗೆ ಮಾನ್ವಿಯಿಂದ ಗೌತಮ ಬರುತ್ತಾನಲ್ಲ.

ರಾಯಚೂರಿನ ಹಂಪಣ್ಣನವರ ಆರ್ಕಿಟೆಕ್ಟ್ ಆಫೀಸಿನಲ್ಲಿ ಅವಳೇ ಹಿರಿಯ ಡಿಸೈನರ್. ದೇವದುರ್ಗ, ಮಾನ್ವಿಗಳಲ್ಲೂ ಶಾಖೆಗಳಿದ್ದವು. ಮೂರೂ ಕಡೆಯವರು ಒಂದೇ ನಕ್ಷೆಯ ಮೇಲೆ ಒಟ್ಟಿಗೆ ಕೆಲಸ ಮಾಡುತ್ತಿದ್ದರು. ಸಾಫ್ಟ್‌ವೇರ್ ಹಳೆಯದು, ದಿನಾ ಅದಕ್ಕೊಂದು ಮುನಿಸು. ಆ ಮುನಿಸು ಬಿಡಿಸಲು ಗೌತಮ ಹೆಗಲಿಗೆ ಕರಿ ಬ್ಯಾಗ್ ಹಾಕಿಕೊಂಡು ಬರುತ್ತಿದ್ದ. ಕೆಲಸದ ನಡುವೆ ಅವನ ಕಣ್ಣು ಸ್ಕ್ರೀನಿನ ಅಂಚು ದಾಟಿ ಅವಳ ಕಡೆ ಹೊರಳುತ್ತಿತ್ತು. ಸಿಕ್ಕಿಬಿದ್ದರೆ ಇಲ್ಲದ ಸ್ಕ್ರೂ ಹುಡುಕುತ್ತಿತ್ತು.

ಹೊಸ ವರ್ಷನ್ ಹಾಕಿದರೆ ಈ ರಗಳೆಯೇ ಇರುವುದಿಲ್ಲ ಎಂದು ಅವನೇ ಹೇಳಿದ್ದ. ಆದರೆ ಹೊಸದರಲ್ಲಿ ಸೇವ್ ಮಾಡಿದ ನಕ್ಷೆ ಹಳೆಯದರಲ್ಲಿ ತೆರೆಯುವುದಿಲ್ಲ. ಹಾಕಿದರೆ ಎಲ್ಲ ಕಂಪ್ಯೂಟರಿಗೂ ಒಂದೇ ದಿನ ಹಾಕಬೇಕು. ಒಂದು ದಿನ ಕೆಲಸ ನಿಲ್ಲಿಸಲು ಹಂಪಣ್ಣ ತಯಾರಿರಲಿಲ್ಲ. ವಿಶಾಖಾ ಕೂಡ ಒತ್ತಾಯ ಮಾಡಲಿಲ್ಲ. ರಗಳೆ ಮುಗಿದರೆ ಇವನು ಬರುವುದೂ ಮುಗಿಯುತ್ತದೆ ಎಂಬ ಅಳುಕು ಅವಳಿಗೆ.

ಕೊನೆಗೆ ದೇವದುರ್ಗದ ಗ್ರಂಥಾಲಯದ ನಕ್ಷೆ ಅರ್ಧಕ್ಕೇ ಹಾಳಾದಾಗ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಹೊಸ ವರ್ಷನ್ ಅಮಾವಾಸ್ಯೆ ದಿನ ಹಾಕಿಸೋಣ ಎಂದಳು. ಅಂದು ಮನೆ ಕಟ್ಟುವ ಮಾತೆತ್ತಿಕೊಂಡು ಯಾರೂ ಆಫೀಸಿಗೆ ಬರುವುದಿಲ್ಲ. ಅಮಾವಾಸ್ಯೆಗೆ ಹೊಸ ಕೆಲಸವೇ ಎಂದು ಹಂಪಣ್ಣ ಹೌಹಾರಿದರು.

“ಅವತ್ತು ಹಳೇದು ತೆಗಿಯೂದ್ರಿ ಸರ್. ಹೊಸದು ಪಾಡ್ಯಕ್ಕ ಶುರು ಮಾಡೂಣು,” ಎಂದಳು ವಿಶಾಖಾ.

ಪಾಡ್ಯದ ಪೂಜೆ ಆಗುವತನಕ ಯಾರೂ ಒಂದು ಗೆರೆ ಎಳೆಯಬಾರದೆಂದು ಹಂಪಣ್ಣ ಅಪ್ಪಣೆ ಮಾಡಿದರು. ಗೌತಮ ನಗು ತಡೆದುಕೊಂಡ. ಎಲ್ಲ ಮುಗಿಯುವವರೆಗೆ ಯಾರೂ ಸೇವ್ ಮಾಡಬಾರದು ಎಂಬುದು ಅವನಿಗೂ ಬೇಕಾಗಿತ್ತು.

ಅಮಾವಾಸ್ಯೆಯಂದು ಅವನು ಮಾನ್ವಿ, ದೇವದುರ್ಗ ಮುಗಿಸಿ ಸಂಜೆಗೆ ರಾಯಚೂರಿಗೆ ಬಂದ. ನಿಮ್ಮದು ಕೊನೆಗೆ ಮಾಡುತ್ತೇನೆ ಎಂದು ವಿಶಾಖಾಳನ್ನು ಮನೆಗೆ ಕಳಿಸಿದ.

ಬೆಳಿಗ್ಗೆ ಕಂಪ್ಯೂಟರುಗಳಿಗೆ ಕುಂಕುಮ ಬಿತ್ತು, ಕಾಯಿ ಒಡೆಯಿತು. ಮಾನ್ವಿ ಶಾಖೆಯ ಮಿನಾಜ್ ಗ್ರಂಥಾಲಯದ ನಕ್ಷೆಯನ್ನು ಮೊದಲು ಸೇವ್ ಮಾಡಿದಳು. ಎಲ್ಲರಿಗೂ ಅದು ತೆರೆಯಿತು, ವಿಶಾಖಾಗೆ ಮಾತ್ರ ತೆರೆಯಲಿಲ್ಲ. ಅವಳ ಕಂಪ್ಯೂಟರಿನಲ್ಲಿ ಇನ್ನೂ ಹಳೆಯದೇ ಇತ್ತು. ನಕ್ಷೆ ಅವಳ ಕೈಯಿಂದ ಅಂದೇ ದೇವದುರ್ಗಕ್ಕೆ ಹೋಗಬೇಕು. ಗೌತಮನಿಗೆ ಫೋನಿನಲ್ಲಿ ಅವಳು ಬೈದ ಬೈಗುಳ ಇಡೀ ಆಫೀಸಿಗೆ ಕೇಳಿಸಿತು.

ಸಿಕ್ಕ ಬಸ್ಸು ಹತ್ತಿ ಬಂದ ಗೌತಮ ತಲೆ ತಗ್ಗಿಸಿ ನಿಂತ.

“ಮರತೀನಿ ಅಂದ್ರ ಸುಳ್ಳಾಗ್ತದ್ರಿ. ಬೇಕಂತ ಬಿಟ್ಟೀನಿ.”

“ಯಾಕ?”

“ಎಲ್ಲಾ ಸರಿ ಆದ ಮ್ಯಾಲ ನನ್ನ ಯಾರು ಕರೀತಾರ್ರಿ?”

ಅವಳ ಕಿವಿ ಬಿಸಿಯಾಯಿತು. ತಾನು ಇಷ್ಟು ದಿನ ಹೆದರಿದ್ದೂ ಇದಕ್ಕೇ ಅಲ್ಲವೇ? ಆದರೂ ಸಿಟ್ಟು ಇಳಿಯಲಿಲ್ಲ.

“ಎಲ್ಲಾರ ಕೆಲಸ ನಡಸಿ ನನ್ನದೊಂದು ನಿಲ್ಲಿಸಿದ್ರಿ. ಮಷೀನ್ ಕೆಟ್ಟರಷ್ಟ ಬರೂ ಗಂಡಸು ನನಗ ಬ್ಯಾಡ. ಮೊದಲ ಇದನ್ನ ಸರಿ ಮಾಡ್ರಿ.” ದನಿ ತಗ್ಗಿತು. “ಆಮ್ಯಾಲ ಬ್ಯಾಗ್ ಇಲ್ದ ಬರ್ರಿ.”

ಅವನು ಈ ಸಲ ಸ್ಕ್ರೂ ಹುಡುಕಲಿಲ್ಲ. ನೇರ ಅವಳನ್ನೇ ನೋಡಿದ. ಮಧ್ಯಾಹ್ನದ ಹೊತ್ತಿಗೆ ನಕ್ಷೆ ದೇವದುರ್ಗ ಸೇರಿತು.

ಮುಂದಿನ ವಾರ ಇಸ್ತ್ರಿ ಅಂಗಿ ತೊಟ್ಟು, ಕೈ ಬೀಸಿಕೊಂಡು ಬಂದ ಗೌತಮನನ್ನು ಕಂಡು ಹಂಪಣ್ಣ ಗಾಬರಿಯಾದರು. “ಮತ್ತೇನ್ ಕೆಟ್ಟದಪ್ಪಾ?”

ವಿಶಾಖಾ ತನ್ನ ಕೆಲಸ ಸೇವ್ ಮಾಡಿ ಎದ್ದಳು.

“ಏನೂ ಕೆಟ್ಟಿಲ್ರಿ ಸರ್. ನನ್ನ ನೋಡಾಕ ಬಂದಾರ.”

ಹಂಪಣ್ಣ ಇಬ್ಬರನ್ನೂ ಒಮ್ಮೆ ನೋಡಿದರು. ಆಮೇಲೆ ಕನ್ನಡಕ ಏರಿಸಿಕೊಂಡು, ಇವತ್ತು ಯಾವ ತಿಥಿ ಎಂದು ಗೋಡೆಯ ಕ್ಯಾಲೆಂಡರ್ ಹತ್ತಿರ ಹೋದರು.